ಗದಗದ ಕಾಲಜ್ಞಾನ, ಮಾಗಡಿ ರಸ್ತೆಯ ವ್ಯಾನು

2000ದ ಜುಲೈ 9ರ ರಾತ್ರಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಒಂದು ಮಾರುತಿ ವ್ಯಾನು ಸಿಡಿಯಿತು. ಒಳಗಿದ್ದವರಲ್ಲಿ ಇಬ್ಬರು ಸತ್ತರು, ಒಬ್ಬ ಗಾಯಗೊಂಡು ಉಳಿದ. ಅದೇ ದಿನ ಜಗಜೀವನರಾಂ ನಗರದ ಚರ್ಚಿನಲ್ಲಿ ಬಾಂಬು ಸಿಡಿದಿತ್ತು. ಹಿಂದಿನ ದಿನ ಹುಬ್ಬಳ್ಳಿಯ ಲುಥೆರನ್ ಚರ್ಚು, ಅದಕ್ಕೂ ತಿಂಗಳ ಮುಂಚೆ ವಾಡಿಯ ಚರ್ಚು. ಅಲ್ಲಿಯವರೆಗೆ ಜನರ ಅನುಮಾನ ಹಿಂದೂ ಸಂಘಟನೆಗಳ ಮೇಲಿತ್ತು. ಬಾಂಬು ಒಯ್ಯುತ್ತಿದ್ದ ವ್ಯಾನು ತನ್ನಷ್ಟಕ್ಕೆ ತಾನೇ ಸಿಡಿದು ಬೇರೆಯದೇ ಹೆಸರನ್ನು ಹೊರಗೆಡವಿತು: ದೀನದಾರ್ ಅಂಜುಮನ್.

ಈ ಪಂಥ ಹುಟ್ಟಿದ್ದು ಗದಗದಲ್ಲಿ, 1924ರಲ್ಲಿ. ಗುರುಮಠಕಲ್ ಸೀಮೆಯ ಸಿದ್ದೀಕ್ ಹುಸೇನ್ ಲಿಂಗಾಯತರ ಕಾಲಜ್ಞಾನಗಳನ್ನು ಓದಿಕೊಂಡು, ಮರಳಿ ಬರಬೇಕಾದ ಚನ್ನಬಸವೇಶ್ವರ ತಾನೇ ಎಂದು ಸಾರಿಕೊಂಡರು. ಇಟ್ಟುಕೊಂಡ ಹೆಸರು ದೀನದಾರ್ ಚನ್ನಬಸವೇಶ್ವರ. ಪ್ರವಾದಿ ಮಹಮ್ಮದರನ್ನು ಜಗದ್ಗುರು ಎಂದು ಕರೆದರು. ಲಿಂಗಾಯತ ಸಮಾಜ ಇದನ್ನು ಒಪ್ಪಲಿಲ್ಲ. ಹಿಂದೊಮ್ಮೆ ಕಾದಿಯಾನಿಗಳ (ಅಹ್ಮದಿಯಾ ಪಂಥದವರ) ಸಂಗದಲ್ಲಿದ್ದವರೆಂದು ಮುಸ್ಲಿಂ ಉಲೇಮಾಗಳೂ ದೂರವಿಟ್ಟರು.

ಆದರೂ ಅವರ ಮಾತಿನ ಧಾಟಿ ಈ ನೆಲದ ಕಿವಿಗೆ ಹೊಸದಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಕ್ಕೆ ಹರಕೆ ಹೊತ್ತು ಬರುವವರ ಜಾತಿ ಯಾರೂ ಕೇಳುವುದಿಲ್ಲ. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಹಿಂದೂ ಮನೆಯವರೂ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ. ಇಲ್ಲೊಂದು ವ್ಯತ್ಯಾಸವಿದೆ. ಸಕ್ಕರೆ ಓದಿಸಿದವನನ್ನು ಯಾರೂ ಧರ್ಮ ಬಿಡು ಅನ್ನುವುದಿಲ್ಲ. ದೀನದಾರರ ಕಾಲಜ್ಞಾನಕ್ಕೆ ಮಾತ್ರ ಕೊನೆಯೊಂದಿತ್ತು: ಇಡೀ ಹಿಂದೂಸ್ತಾನ ಇಸ್ಲಾಮಿಗೆ ಬರಬೇಕು. 1930ರ ದಶಕದಲ್ಲಿ ಅವರು ವಾಯವ್ಯ ಗಡಿಯ ಪಠಾಣರಲ್ಲಿಗೆ ಹೋಗಿ ದಂಡು ಕಟ್ಟಲು ನೋಡಿದ್ದೂ ಅದಕ್ಕೇ. 1952ರಲ್ಲಿ ತೀರಿಕೊಂಡರು. ಮಗ ಪಾಕಿಸ್ತಾನದ ಮರ್ದಾನದಲ್ಲಿ ನೆಲೆಸಿದ. ಚರ್ಚುಗಳಿಗೆ ಬಾಂಬಿಟ್ಟು ಹಿಂದೂ, ಕ್ರೈಸ್ತರನ್ನು ಎತ್ತಿಕಟ್ಟುವ ಸಂಚಿನ ಎಳೆ ಅಲ್ಲಿಂದಲೇ ಬಂತೆಂಬುದು ತನಿಖೆಯವರ ವಾದ. ಈ ಪಂಥವನ್ನು ಅಭ್ಯಸಿಸಿದ ಯೋಗಿಂದರ್ ಸಿಕಂದ್, ಸಂವಾದ ಮತ್ತು ಸಂಘರ್ಷ ಎರಡೂ ಅದರ ಒಡಲಲ್ಲಿದ್ದವು ಎನ್ನುತ್ತಾರೆ. 2001ರಲ್ಲಿ ಅಂಜುಮನ್ ನಿಷೇಧವಾಯಿತು. 2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 11 ಮಂದಿಗೆ ಗಲ್ಲು, 12 ಮಂದಿಗೆ ಜೀವಾವಧಿ ವಿಧಿಸಿತು.

ಕಾಲಜ್ಞಾನ ನಂಬಿದವರ ಗುರಿ ಮತಾಂತರವಾದರೆ, ರಾಜಕೀಯ ಇಸ್ಲಾಮಿನ ಗುರಿ ಪ್ರಭುತ್ವ. 1928ರಲ್ಲಿ ಈಜಿಪ್ಟಿನ ಹಸನ್ ಅಲ್ ಬನ್ನಾ ಮುಸ್ಲಿಂ ಬ್ರದರ್‌ಹುಡ್ ಕಟ್ಟಿದ. 1941ರಲ್ಲಿ ಜಮಾತೆ ಇಸ್ಲಾಮಿ ಕಟ್ಟಿದ ಮೌದೂದಿ ನಮ್ಮ ದಖ್ಖನಿನವರೇ, ನಿಜಾಮನ ಔರಂಗಾಬಾದಿನಲ್ಲಿ ಹುಟ್ಟಿದವರು. ದೇವರ ಕಾನೂನಿನ ಆಡಳಿತ ಬೇಕೆಂದರೂ ಮೌದೂದಿ ನೆಚ್ಚಿದ್ದು ಪುಸ್ತಕ, ಪಕ್ಷಗಳನ್ನು. 1966ರಲ್ಲಿ ಗಲ್ಲಿಗೇರಿದ ಬ್ರದರ್‌ಹುಡ್ ಚಿಂತಕ ಸಯ್ಯದ್ ಕುತುಬ್‌ನ ಬರಹ ಮತ್ತು 1979ರಲ್ಲಿ ಶುರುವಾದ ಅಫ್ಘಾನ್ ಯುದ್ಧ, ಇವೆರಡೂ ಸೇರಿದ ಮೇಲೆ ಬಂದೂಕು ಮುಂದಾಯಿತು.

ಭಾರತದಲ್ಲಿ ಈ ದಾರಿ ಹಿಡಿದದ್ದು 1977ರಲ್ಲಿ ಅಲಿಗಢದಲ್ಲಿ ಹುಟ್ಟಿದ ವಿದ್ಯಾರ್ಥಿ ಸಂಘಟನೆ ಸಿಮಿ. ಜಮಾತಿನ ಮಡಿಲಲ್ಲೇ ಬೆಳೆದ ಹುಡುಗರು ಹಿರಿಯರನ್ನು ಮೀರಿ ಯಾಕೆ ಹೋದರು? ಹಿಂದುತ್ವದ ಏರಿಕೆ, ಬಾಬರಿ ಮಸೀದಿಯ ಧ್ವಂಸ, ಕಾಪಾಡಬೇಕಾದ ಸರ್ಕಾರ ಕೈಚೆಲ್ಲಿದ್ದು ಇದಕ್ಕೆ ಕಾರಣವೆಂದು ಮಾನವಶಾಸ್ತ್ರಜ್ಞ ಇರ್ಫಾನ್ ಅಹ್ಮದ್ ವಿವರಿಸುತ್ತಾರೆ. ಈ ವಿವರಣೆಗೆ ತೂಕವಿದೆ. ಆದರೆ ಅದೇ ನೋವು ಉಂಡ ಕೋಟ್ಯಂತರ ಜನ ಬಾಂಬು ಕಟ್ಟಲಿಲ್ಲವಲ್ಲ?

ಭಟ್ಕಳದ ಕಥೆಯೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. 1993ರಲ್ಲಿ ಆ ಊರು ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತ್ತು. ಅದೇ ಊರಿನ ರಿಯಾಜ್, ಇಕ್ಬಾಲ್, ಯಾಸೀನರ ಹೆಸರು ಇಂಡಿಯನ್ ಮುಜಾಹಿದೀನ್ ಎಂಬ ಬಾಂಬು ಗುಂಪಿನ ಜತೆ ಅಂಟಿಕೊಂಡಿತು. 2008ರಲ್ಲಿ ಸ್ಫೋಟಗಳ ಹೊತ್ತಿಗೆ ಮಾಧ್ಯಮಗಳಿಗೆ ಬಂದ ಇ-ಮೇಲುಗಳಲ್ಲಿ ಶರಿಯತ್ ರಾಜ್ಯಕ್ಕಿಂತ ಹೆಚ್ಚಾಗಿ ಬಾಬರಿ ಮತ್ತು 2002ರ ಗುಜರಾತ್ ಗಲಭೆಯ ಸೇಡಿನ ಮಾತಿತ್ತು. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ 2013ರಲ್ಲಿ ಇದೇ ಗುಂಪಿನ ಬಾಂಬಿಗೆ ಸತ್ತವರು ಬಸ್ಸಿಗೆ ಕಾಯುತ್ತಿದ್ದವರು, ತಿಂಡಿ ತಿನ್ನುತ್ತಿದ್ದವರು. ಅವರ ಮೇಲೆ ಯಾವ ಸೇಡು?

ಅನುಮಾನಕ್ಕೂ ಬೆಲೆ ತೆರಬೇಕಾಗುತ್ತದೆ. 2008ರ ಜನವರಿಯಲ್ಲಿ ಹೊನ್ನಾಳಿಯಲ್ಲಿ ಬೈಕ್ ಕಳವಿನ ಶಂಕೆಯಲ್ಲಿ ಇಬ್ಬರು ಸಿಕ್ಕಿಬಿದ್ದರು, ಒಬ್ಬ ಹುಬ್ಬಳ್ಳಿ ಕಿಮ್ಸ್‌ನ ವಿದ್ಯಾರ್ಥಿ. ಅಲ್ಲಿಂದ ಬೆಳೆದ ಹುಬ್ಬಳ್ಳಿ ಸಿಮಿ ಪ್ರಕರಣದಲ್ಲಿ 17 ಆರೋಪಿಗಳೂ 2015ರಲ್ಲಿ ಖುಲಾಸೆಯಾದರು. ಏಳು ವರ್ಷದಲ್ಲಿ ಓದು, ಮದುವೆ, ನೌಕರಿ ಏನೇನು ಕೆಟ್ಟಿತೋ, ಅದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

2014ರ ಜೂನಿನಲ್ಲಿ ಐಸಿಸ್ ಖಿಲಾಫತ್ ಸಾರಿದಾಗ ಸಂಘಟನೆಯ ಸದಸ್ಯತ್ವವೇ ಬೇಡವಾಯಿತು, ಮೊಬೈಲ್ ಸಾಕಾಯಿತು. ಅದರ ಪರ ಇಂಗ್ಲಿಷಿನಲ್ಲಿ ಪ್ರಚಾರ ಮಾಡುತ್ತಿದ್ದ ಹೆಸರಾಂತ ಟ್ವಿಟರ್ ಖಾತೆ ಬೆಂಗಳೂರಿನ ಬಾಡಿಗೆ ಕೋಣೆಯೊಂದರಿಂದ ನಡೆಯುತ್ತಿತ್ತು. ಹುಡುಗರು ಹೀಗೆ ಉಗ್ರರಾಗುವುದೇಕೆ ಎಂಬ ವಿಚಾರಕ್ಕೆ ಫ್ರಾನ್ಸಿನಲ್ಲಿ ಇಬ್ಬರು ಪಂಡಿತರು ಜಗಳಕ್ಕಿಳಿದರು. ಜಿಲ್ ಕೆಪೆಲ್ ಪ್ರಕಾರ ಧಾರ್ಮಿಕ ಸಿದ್ಧಾಂತವೇ ಉಗ್ರವಾಗಿದೆ. ಒಲಿವಿಯೆ ರುವಾ ಪ್ರಕಾರ ಮೊದಲೇ ಸಿಟ್ಟಿಗೆದ್ದ ಹುಡುಗರು ಇಸ್ಲಾಮಿನ ಅಂಗಿ ತೊಟ್ಟಿದ್ದಾರೆ. ಕರ್ನಾಟಕದ ಮಟ್ಟಿಗೆ ದೀನದಾರರಿಗೆ ಕೆಪೆಲ್ ಹೊಂದುತ್ತಾರೆ, ಮೊಬೈಲ್ ಪೀಳಿಗೆಗೆ ರುವಾ. ಭಟ್ಕಳಕ್ಕೆ ಇಬ್ಬರೂ ಸಾಲರು.

ಗದಗದ 1924ನ್ನು ಮಾತ್ರ ಪ್ಯಾರಿಸಿನಲ್ಲಿ ಕೂತು ಬರೆಯಲಾಗದು. ಮಠಗಳ ಕಡತ, ಹಳೆಯ ಉರ್ದು ಕರಪತ್ರ, ಬೆಟಗೇರಿ ಓಣಿಗಳ ಹಿರಿಯರ ನೆನಪು, ಇವನ್ನು ಕೂಡಿಸಬಲ್ಲ ಉರ್ದು, ಕನ್ನಡ ಎರಡೂ ಬಲ್ಲ ಸಂಶೋಧಕರೊಬ್ಬರು ಈ ಕೆಲಸಕ್ಕೆ ಮುಂದೆ ಬರಲಿ.