ಓದಲಾಗದ ಅಕ್ಷರಗಳು: ಕೆ. ಸಿ. ಎಸ್. ಪಣಿಕ್ಕರ್ ಅವರ ವರ್ಣಲೋಕ

ನೋಡಲು ಮಲಯಾಳ ಲಿಪಿಯಂತಿರುವ ಸಾಲುಗಳು. ಆದರೆ ಮಲಯಾಳ ಬಲ್ಲವರೂ ಅವನ್ನು ಓದಲಾರರು. ಕೆ. ಸಿ. ಎಸ್. ಪಣಿಕ್ಕರ್ (1911-1977) ಅವರ ‘ಪದಗಳು ಮತ್ತು ಸಂಕೇತಗಳು’ ಚಿತ್ರಮಾಲಿಕೆಯ ಸೋಜಿಗವಿದು.

ಕೊಯಮತ್ತೂರಿನಲ್ಲಿ ಜನಿಸಿದ ಪಣಿಕ್ಕರ್ ಮಲಬಾರಿನ ಮನೆತನದವರು. ಕೆಲಕಾಲ ನೌಕರಿ ಮಾಡಿ, 1936ರಲ್ಲಿ ಮದ್ರಾಸಿನ ಸರಕಾರಿ ಕಲಾಶಾಲೆಯನ್ನು ಸೇರಿ ಡಿ. ಪಿ. ರಾಯ್ ಚೌಧುರಿಯವರ ಶಿಷ್ಯರಾದರು. ಆಗ ಮಲಬಾರಿಗೂ ಕಾಸರಗೋಡಿಗೂ ಮದ್ರಾಸೇ ರಾಜಧಾನಿ. 1957ರಲ್ಲಿ ಅವರು ಅದೇ ಶಾಲೆಯ ಪ್ರಾಂಶುಪಾಲರಾದರು.

ಮಲಬಾರಿನ ಹಸುರು, ನೀರು, ತೆಂಗುಗಳನ್ನು ಜಲವರ್ಣದಲ್ಲಿ ಹಿಡಿದುದು ಅವರ ಮೊದಲ ಘಟ್ಟ. 1954ರಲ್ಲಿ ಯುರೋಪನ್ನು ಸುತ್ತಿ ಬಂದ ಮೇಲೆ ಪ್ರಶ್ನೆಯೊಂದು ಅವರನ್ನು ಕಾಡಿತು: ಆಧುನಿಕನಾಗಿಯೂ ಪಶ್ಚಿಮದ ನೆರಳಾಗದೆ ಉಳಿಯುವುದು ಹೇಗೆ? 1963ರ ಸುಮಾರಿಗೆ ವಿದ್ಯಾರ್ಥಿಯೊಬ್ಬನ ಗಣಿತದ ನೋಟುಪುಸ್ತಕದ ಪುಟ ಅವರಿಗೆ ದಾರಿ ತೋರಿತು. ಅಂಕಿಗಳನ್ನೂ ಸೂತ್ರಗಳನ್ನೂ ಅರ್ಥಕ್ಕಾಗಿ ಅಲ್ಲ, ರೂಪಕ್ಕಾಗಿ ನೋಡಬಹುದೆಂದು ಅವರು ಕಂಡುಕೊಂಡರು. ಅಲ್ಲಿಂದ ಮುಂದೆ ಜಾತಕದ ಕುಂಡಲಿ, ಮಂತ್ರವಾದದ ಚಕ್ರ, ಮೀನು, ಹಕ್ಕಿ, ಮಲಯಾಳದ ದುಂಡು ಬರಹ ಎಲ್ಲವೂ ಹಳದಿ, ಹಸುರು, ಕಾವಿ ಬಣ್ಣಗಳ ಬಯಲಿನಲ್ಲಿ ಒಟ್ಟಿಗೆ ನೆಲೆಸಿದವು. ಅಕ್ಷರ ಕಲಿಯುವ ಮುನ್ನ ಮಗು ಹಿರಿಯರ ಓಲೆಗರಿಯನ್ನು ನೋಡುವ ಬಗೆಯ ನೋಟವದು. ಆ ಬೆರಗೇ ಅವರ ಒಳಲೋಕದ ಬಾಗಿಲು.

ಈ ಹುಡುಕಾಟ ಅವರೊಬ್ಬರದೇ ಆಗಲಿಲ್ಲ. 1966ರಲ್ಲಿ ಅವರ ಮುಂದಾಳುತನದಲ್ಲಿ ಮದ್ರಾಸಿನ ದಕ್ಷಿಣದ ಕಡಲತೀರದಲ್ಲಿ ಚೋಳಮಂಡಲ ಕಲಾಗ್ರಾಮ ಹುಟ್ಟಿತು. ಕಲಾವಿದರು ಬಾಟಿಕ್ ಮುಂತಾದ ಕರಕುಶಲ ವಸ್ತುಗಳನ್ನು ಮಾರಿ ಬದುಕನ್ನೂ ಚಿತ್ರವನ್ನೂ ಸಾಗಿಸಿದರು. ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು. ಮಲಯಾಳಿ ಗುರುವಿನ ನೆರಳಲ್ಲಿ ಕನ್ನಡಿಗ, ತಮಿಳ, ತೆಲುಗರೆಲ್ಲ ತಮ್ಮ ತಮ್ಮ ರೇಖೆಯನ್ನು ಕಂಡುಕೊಂಡರು.

ಗಡಿನಾಡಿನ ನಮಗೆ ಇದರಲ್ಲಿ ತಿಳಿಯಬೇಕಾದ ಮಾತೊಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಲಿಪಿಯೆಂದರೆ ನಮಗೆ ಶಾಲೆ, ಕಚೇರಿ, ಅರ್ಜಿಗಳ ಪ್ರಶ್ನೆ. ಆ ಪ್ರಶ್ನೆ ನ್ಯಾಯವಾದುದೇ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಪಣಿಕ್ಕರ್ ಅವರ ಲಿಪಿ ಯಾರ ಮೇಲೂ ಅಧಿಕಾರ ನಡೆಸುವುದಿಲ್ಲ. ಓದಲಾಗದ್ದರಿಂದಲೇ ಅದರೆದುರು ಮಲಯಾಳಿಯೂ ಕನ್ನಡಿಗನೂ ಸರಿಸಮಾನರು. ತನ್ನ ನುಡಿಯ ಆಳಕ್ಕೆ ಇಳಿದವನು ನೆರೆಯವನಿಗೆ ಬಾಗಿಲು ಮುಚ್ಚಬೇಕಾಗಿಲ್ಲ ಎಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ. ತಿರುವನಂತಪುರಕ್ಕೆ ಹೋದವರು ಅಲ್ಲಿನ ಮ್ಯೂಸಿಯಂ ಆವರಣದಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಮಕ್ಕಳಿಗೆ ತೋರಿಸಿ ಬರಲಿ.