ಒಂದು ಹಗಲಿನ ನಾಡು

ಇತಿಹಾಸವೆಂದೊಡನೆ ನಮ್ಮ ಕಣ್ಣಮುಂದೆ ಬರುವವರು ಅರಸರು. ಅವರ ಕಾಳಗಗಳು, ದಾನಶಾಸನಗಳು, ಒಪ್ಪಂದಗಳು. ಸಂಸಾರವಂದಿಗರು ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈ ಹಿಡಿದುಕೊಂಡು, ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ ತಿರುಗಾಟಗಳನ್ನು ಯಾವ ಶಾಸನವೂ ಕೆತ್ತಿಡಲಿಲ್ಲ. ಆದರೂ ಒಂದು ನಾಡಿನ ನಿಜವಾದ ವಿಸ್ತಾರ ಎಷ್ಟೆಂದು ತಿಳಿಯಬೇಕಾದರೆ ಈ ತಿರುಗಾಟಗಳನ್ನೇ ಕೇಳಬೇಕು ಎಂದು ನನಗೆ ಅನ್ನಿಸುತ್ತದೆ. ನಕಾಶೆಯ ಗೆರೆಯನ್ನು ಸರಕಾರಗಳು ಎಳೆಯುತ್ತವೆ. ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ದೂರವನ್ನು ಜನರು ತಾವೇ ಅಳೆದುಕೊಳ್ಳುತ್ತಾರೆ. ಈ ಎರಡು ಅಳತೆಗಳು ಒಂದಕ್ಕೊಂದು ಹೊಂದದ ಸೀಮೆಯೊಂದು ನಮ್ಮ ಕರಾವಳಿಯ ದಕ್ಷಿಣ ತುದಿಯಲ್ಲಿದೆ. ಈ ಹೊತ್ತಿನ ನನ್ನ ಮಾತು ಆ ಸೀಮೆಯನ್ನು ಕುರಿತದ್ದು.

ಮಂಗಳೂರಿನಿಂದ ನೇತ್ರಾವತಿಯನ್ನು ದಾಟಿ ತೆಂಕಣಕ್ಕೆ ಹೊರಟರೆ ಉಳ್ಳಾಲ, ಸೋಮೇಶ್ವರ, ತಲಪಾಡಿ, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂದು ಊರುಗಳು ಒಂದರ ಹಿಂದೊಂದು ಬರುತ್ತವೆ. ಒಟ್ಟು ದೂರ ಸುಮಾರು 50 ಕಿಲೋಮೀಟರು. ಕಾಸರಗೋಡಿನ ಮಗ್ಗುಲಲ್ಲಿ ಚಂದ್ರಗಿರಿ ಹೊಳೆ; ಘಟ್ಟದ ಕಡೆ ಇದನ್ನೇ ಪಯಸ್ವಿನಿ ಎನ್ನುತ್ತಾರೆ. ಹೊಳೆಯಾಚೆ, ಕಡಲಿಗೆ ಚಾಚಿದ ನೆಲದ ಮೇಲೆ ಬೇಕಲದ ಕೋಟೆ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮೊದಲಾದ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲವನ್ನು ಸಪ್ತಭಾಷೆಗಳ ಸಂಗಮವೆಂದು ಜನ ಕರೆಯುವುದುಂಟು. ಇಂದು ಈ ದಾರಿಯಲ್ಲಿ ತಲಪಾಡಿಯ ಬಳಿ ಕರ್ನಾಟಕ ಮುಗಿದು ಕೇರಳ ತೊಡಗುತ್ತದೆ. ಆದರೆ ಮಣ್ಣಿನ ಬಣ್ಣವಾಗಲಿ ತೆಂಗಿನ ತೋಟವಾಗಲಿ ಅಲ್ಲಿ ಬದಲಾಗುವುದಿಲ್ಲ.

ಹಿಂದಿನವರಿಗೆ ವಿಹಾರವೆಂಬ ಹೆಸರಿನಲ್ಲಿ ಮನೆಬಿಟ್ಟು ಹೊರಡುವ ರೂಢಿ ಇರಲಿಲ್ಲ. ಹೊರಡುವುದಕ್ಕೆ ಒಂದು ಪುಣ್ಯದ ನೆಪ ಬೇಕಿತ್ತು. ಅಮಾವಾಸ್ಯೆಯಂದು ಸೋಮೇಶ್ವರದಲ್ಲಿ ಸಮುದ್ರಸ್ನಾನ. ಕರ್ಕಾಟಕ ಮಾಸದ ಅಮಾವಾಸ್ಯೆಗೆ ಬೇಕಲದ ಸಮೀಪದ ತ್ರಿಕ್ಕನ್ನಾಡಿನ ಕಡಲತಡಿಯಲ್ಲಿ ಪಿತೃತರ್ಪಣ. ಮಂಜೇಶ್ವರದ ಅನಂತೇಶ್ವರನ ಷಷ್ಠಿ. ಮಧೂರು ಗಣಪತಿಯ ಅಪ್ಪದ ಸೇವೆ. ಐದು ವರ್ಷಕ್ಕೊಮ್ಮೆ ಬರುವ ಉಳ್ಳಾಲದ ಉರೂಸು. ಕರಾವಳಿಯ ಗೌಡ ಸಾರಸ್ವತರಲ್ಲಿ ಕಾರ್ತಿಕ ಮಾಸದ ವನಭೋಜನವೆಂಬ ಒಂದು ಸೊಗಸಾದ ಪದ್ಧತಿಯೇ ಇದೆ. ದೇವರು ಗುಡಿಯಿಂದ ಹೊರಟು ಮರಗಳ ನೆರಳಿಗೆ ಬರುತ್ತಾನೆ, ಊರವರೆಲ್ಲ ಅಲ್ಲಿಯೇ ಎಲೆ ಹಾಕಿ ಉಣ್ಣುತ್ತಾರೆ. ಅಡುಗೆಮನೆಯ ನಾಲ್ಕು ಗೋಡೆಗಳ ನಡುವೆ ವರ್ಷ ಕಳೆಯುತ್ತಿದ್ದ ಹೆಂಗಸರಿಗೆ ಇವೇ ಹೊರಗಾಳಿಯ ದಿನಗಳು. ಪುಣ್ಯಕ್ಕಾಗಿ ಹೊರಟವರು ಕಡಲನ್ನೂ ಕಂಡರು, ಬಳೆಯನ್ನೂ ಕೊಂಡರು, ತವರಿನವರನ್ನೂ ಮಾತಾಡಿಸಿ ಬಂದರು. ನಮ್ಮ ವಿಹಾರಸಂಚಾರಗಳ ಮೂಲವನ್ನು ಹುಡುಕುವವರು ಇಲ್ಲಿಂದಲೇ ತೊಡಗಬೇಕು.

ಎಲ್ಲರಿಗೂ ಎಲ್ಲಿಗಾದರೂ ಹೋಗುವ ಸ್ವಾತಂತ್ರ್ಯ ಆಗ ಇತ್ತೆಂದು ಮಾತ್ರ ಭಾವಿಸಲಾಗದು. ಚಂದ್ರಗಿರಿ ಹೊಳೆಯನ್ನು ಹಳೆಯ ಕಾಲದಲ್ಲಿ ತುಳುನಾಡಿಗೂ ಮಲಯಾಳ ದೇಶಕ್ಕೂ ಮೇರೆಯೆಂದು ಎಣಿಸುತ್ತಿದ್ದರು. ನಾಯರ್ ಕುಲದ ಸ್ತ್ರೀಯರು ಈ ಹೊಳೆಯನ್ನು ದಾಟಿ ಬಡಗಣಕ್ಕೆ ಬರಬಾರದೆಂಬ ಕಟ್ಟು ಇತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಬರೆದಿವೆ. ಗಂಡಸರು ಕಾಳಗಕ್ಕೆ, ವ್ಯಾಪಾರಕ್ಕೆ, ಯಾತ್ರೆಗೆ ದೋಣಿಯೇರಿ ಹೋಗುತ್ತಿದ್ದ ಹೊಳೆಯೇ ಹೆಂಗಸರ ಪಾಲಿಗೆ ಲೋಕದ ಅಂಚು. ಗಡಿಯೆಂಬುದು ಮೊದಲು ಕಟ್ಟಿಹಾಕುವುದು ದುರ್ಬಲರನ್ನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಎದುರು ದಡದ ಜಾತ್ರೆಯ ಚೆಂಡೆಯ ಸದ್ದನ್ನು ಕೇಳಬಹುದು, ನೋಡಲು ಹೋಗಲಾಗದು!

ಹೊಳೆಯನ್ನು ಮೇರೆಯೆಂದು ಒಪ್ಪದವರು ಅರಸರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ತನ್ನ ಆಳ್ವಿಕೆಯನ್ನು ಚಂದ್ರಗಿರಿಯ ಆಚೆಗೂ ವಿಸ್ತರಿಸಿದ. ಹೊಳೆಯ ದಕ್ಷಿಣ ದಡದ ಚಂದ್ರಗಿರಿ ಕೋಟೆಯನ್ನೂ ಬೇಕಲದ ಮಹಾದುರ್ಗವನ್ನೂ ಅವನ ಹೆಸರಿನೊಡನೆಯೇ ಹೇಳುತ್ತಾರೆ. ಬೇಕಲದ ಕೋಟೆ ಮುರಕಲ್ಲಿನದು. ವಿಸ್ತಾರ ಸುಮಾರು 40 ಎಕರೆ. ಒಳಗೆ ಅರಮನೆಯ ಕುರುಹಿಲ್ಲ. ಕಡಲಿನ ಕಡೆಗೆ ತೂತುಗಳನ್ನಿಟ್ಟ ಗೋಡೆ, ಮದ್ದಿನಮನೆ, ಮೆಟ್ಟಿಲಿಳಿಯುವ ಕೊಳ, ಅಗಲವಾದ ಇಳಿಜಾರಿನ ದಾರಿಯುಳ್ಳ ಕಾವಲುಬುರುಜು, ಇಷ್ಟೇ. ಇದು ವಾಸಕ್ಕಾಗಿ ಕಟ್ಟಿದ್ದಲ್ಲ, ಕಾವಲಿಗಾಗಿ ಕಟ್ಟಿದ್ದು. ಘಟ್ಟದ ಮೇಲಿನ ಮಲೆನಾಡಿನಲ್ಲಿ ರಾಜಧಾನಿಯಿದ್ದ ಕನ್ನಡ ಅರಸುಮನೆಯೊಂದು ಇಷ್ಟು ದೂರದ ಕಡಲನ್ನು ಹಗಲಿರುಳು ಕಾಯುತ್ತಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಈ ಸೀಮೆಯೂ ಮೈಸೂರಿನ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಕಂಪೆನಿಗೆ ಹೋಯಿತು. ಕಂಪೆನಿಯ ಆಡಳಿತದಲ್ಲಿ ಬೇಕಲವು ಒಂದು ತಾಲ್ಲೂಕಿನ ಹೆಸರಾಯಿತು. ಮುಂದೆ ಆ ಸ್ಥಾನ ಕಾಸರಗೋಡಿಗೆ ಸಂದಿತು. ಅಂದಿನಿಂದ ಕೋಟೆಗೆ ಬೇರೆ ಕೆಲಸವಿಲ್ಲ. ಸೈನಿಕರು ಬಿಟ್ಟುಹೋದ ಬುರುಜನ್ನು ಮಕ್ಕಳು ಏರಿದರು. ಫಿರಂಗಿ ನಿಂತಿದ್ದ ಎಡೆಯಲ್ಲಿ ತಾಯಂದಿರು ಬುತ್ತಿ ಬಿಚ್ಚಿದರು. ಕೋಟೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ವಾರ್ಧಕ್ಯ ಬೇರೆ ಯಾವುದು?

ಹಗಲಿನ ಅಳತೆಯನ್ನೇ ಹಿಗ್ಗಿಸಿದ ಸಂಗತಿಯೆಂದರೆ ರೈಲು. ಅದಕ್ಕೆ ಮುಂಚೆ ಈ 50 ಕಿಲೋಮೀಟರಿನ ದಾರಿಯಲ್ಲಿ ಎಷ್ಟೊಂದು ಹೊಳೆಗಳು, ಅಳಿವೆಗಳು, ಕಡವುಗಳು! ಎತ್ತಿನ ಗಾಡಿ, ದೋಣಿ, ಮತ್ತೆ ಕಾಲುನಡಿಗೆ. ಮಕ್ಕಳೊಡನೆ ಹೊರಟವರು ಅದೇ ದಿನ ಮರಳುವ ಮಾತಿರಲಿಲ್ಲ. 1907ರಲ್ಲಿ ರೈಲು ದಕ್ಷಿಣದಿಂದ ಮಂಗಳೂರನ್ನು ಮುಟ್ಟಿತು. ಕಾಸರಗೋಡಿನವರು ಬೆಳಿಗ್ಗೆ ಮಂಗಳೂರಿಗೆ ಬಂದು ಪೇಟೆ ನೋಡಿ ಸಂಜೆ ಹಿಂದಿರುಗುವುದು, ಮಂಗಳೂರಿನವರು ಕುಂಬಳೆಗೋ ಕಾಸರಗೋಡಿಗೋ ಹೋಗಿ ಬರುವುದು ಸಾಧ್ಯವಾಯಿತು. ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಹಲಸಿನೆಲೆಯ ಕೊಟ್ಟಿಗೆ, ಡಬ್ಬಿಯ ತುಂಬ ಅವಲಕ್ಕಿ, ಇವಿಷ್ಟಿದ್ದರೆ ಒಂದು ದಿನದ ಸಂಸಾರ ಸಾಗುತ್ತಿತ್ತು. ಮೇರೆಯ ಹೊಳೆಯ ಮೇಲೆ ಸೇತುವೆ ಬಿದ್ದ ಮೇಲೆ ಕುಲದ ಕಟ್ಟುಗಳೂ ಒಂದೊಂದಾಗಿ ಸಡಿಲವಾದವು. ಗಾಡಿಯೇರಿದವಳನ್ನು ಹೊಳೆ ತಡೆಯಲಾರದಷ್ಟೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅಲ್ಲಿಯತನಕ ಎರಡೂ ಕಡೆ ಒಂದೇ ಮದರಾಸು ಸರಕಾರ, ಒಂದೇ ಜಿಲ್ಲೆ. ಅಂದು ಮೇರೆಯು ಚಂದ್ರಗಿರಿಯನ್ನು ಬಿಟ್ಟು ಬಡಗಣಕ್ಕೆ ಸರಿದು, ಹೊಳೆಯಿಲ್ಲದ, ಬೆಟ್ಟವಿಲ್ಲದ ಎಡೆಯಲ್ಲಿ ಬಂದು ನಿಂತಿತು. ಮಂಜೇಶ್ವರ ಗೋವಿಂದ ಪೈಗಳ ಸಂಗತಿಯನ್ನು ಇಲ್ಲಿ ನೆನೆಯಬೇಕು. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಪದವಿಯನ್ನು ಪಡೆದ ಈ ಕನ್ನಡದ ವಿದ್ವತ್ಕವಿ ಮನೆ ಬದಲಿಸಲಿಲ್ಲ. ರಾಜ್ಯವೇ ಅವರ ಮನೆಯನ್ನು ಬಿಟ್ಟು ಹೋಯಿತು. 1963ರಲ್ಲಿ ತೀರಿಕೊಳ್ಳುವವರೆಗಿನ ಕೊನೆಯ ಏಳು ವರ್ಷಗಳಲ್ಲಿ ಅವರು ಕೇರಳದ ನಿವಾಸಿ. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿಯ ಉತ್ತರದ ಭಾಗವನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದಿತು. ಆ ಶಿಫಾರಸು ಕಾಗದದಲ್ಲಿಯೇ ಉಳಿಯಿತು. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಈ ನೋವನ್ನು ಬದುಕಿನುದ್ದಕ್ಕೂ ಹೊತ್ತು ನಡೆದರು.

ಈ ನೋವು ದೊಡ್ಡದು. ಅದನ್ನು ಕಿರಿದುಗೊಳಿಸುವ ಉದ್ದೇಶ ನನ್ನದಲ್ಲ. ಆದರೆ ಗೆರೆ ಬಿದ್ದ ಮೇಲೆಯೂ ಜನರು ತಮ್ಮ ಹಗಲಿನ ನಾಡನ್ನು ಬಿಟ್ಟುಕೊಡಲಿಲ್ಲ ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ಕುಂಬಳೆಯ ಸಮೀಪದ ಅನಂತಪುರದ ಸರೋವರ ದೇಗುಲಕ್ಕೆ ಮಂಗಳೂರಿನ ಸಂಸಾರಗಳು ಮಕ್ಕಳೊಡನೆ ಹೋಗುತ್ತಲೇ ಇದ್ದವು. ಅಲ್ಲಿನ ಕೆರೆಯಲ್ಲಿ ನೈವೇದ್ಯದ ಅನ್ನ ತಿನ್ನುತ್ತಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ಸತ್ತಾಗ ಗಡಿಯ ಎರಡೂ ಕಡೆಯ ಜನ ಮರುಗಿದರು. ಮಂಜೇಶ್ವರದ ಉದ್ಯಾವರದಲ್ಲಿ ದೈವಗಳ ಪಾತ್ರಿಗಳು ಉತ್ಸವಕ್ಕೆ ಮುನ್ನ ಸಾವಿರ ಜಮಾಅತಿನ ಮಸೀದಿಗೆ ಹೋಗಿ ಆಮಂತ್ರಣವೀಯುವ ಸಂಪ್ರದಾಯ ನಡೆದು ಬಂದಿದೆ. ನೆರೆಯವನನ್ನು ಕರೆಯಲು ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲವಷ್ಟೆ.

ಗೆರೆಯು ನಿಜವಾಗಿ ಗೋಡೆಯಾದದ್ದು 2020ರಲ್ಲಿ. ಕೊರೋನಾ ಹಬ್ಬಿದ ಆ ಮಾರ್ಚ್ ತಿಂಗಳಲ್ಲಿ ಕರ್ನಾಟಕವು ಗಡಿಯನ್ನು ಮುಚ್ಚಿತು. ಹಲವು ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಸುರಿಯಲಾಯಿತು. ಕಾಸರಗೋಡಿನ ಎಷ್ಟೋ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ಅಲ್ಲಿಗೆ ಹೊರಟ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಸಂಗತಿ ಕೇರಳದ ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಸಾಂಕ್ರಾಮಿಕದ ಭಯ ಸುಳ್ಳಾಗಿರಲಿಲ್ಲ, ನಿಜ. ಆದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿ ಒಮ್ಮೆ ಕಡಿದರೆ ಬರಿಯ ವಿಹಾರ ಮಾತ್ರ ನಿಲ್ಲುವುದಿಲ್ಲ, ಉಸಿರೇ ನಿಲ್ಲಬಹುದು ಎಂಬುದು ಅಂದು ತಿಳಿಯಿತು. ಜಾತ್ರೆಗೆ ಹೋಗುವ ದಾರಿಯೂ ವೈದ್ಯನಲ್ಲಿಗೆ ಹೋಗುವ ದಾರಿಯೂ ಒಂದೇ.

ಈಗ ಬೇಕಲವು ಹೆಸರಾಂತ ಪ್ರವಾಸಿತಾಣ. 1995ರಲ್ಲಿ ಅದರ ಅಭಿವೃದ್ಧಿಗಾಗಿ ನಿಗಮವೊಂದು ಏರ್ಪಟ್ಟಿತು. ಅದೇ ವರ್ಷ ಬಿಡುಗಡೆಯಾದ ‘ಬಾಂಬೆ’ ಚಲನಚಿತ್ರದ ಹಾಡೊಂದು ಕೋಟೆಯನ್ನು ದೇಶಕ್ಕೆಲ್ಲ ಪರಿಚಯಿಸಿತು. ಕನ್ನಡದ ಸಂಸಾರಗಳೂ ರಜೆಯಲ್ಲಿ ಹೋಗುತ್ತವೆ, ಚಿತ್ರ ತೆಗೆದುಕೊಂಡು ಬರುತ್ತವೆ. ಇದು ಸಂತೋಷವೇ. ಆದರೆ ಪರರಾಜ್ಯದ ಒಂದು ನೋಟವೆಂದು ಅದನ್ನು ಕಂಡು ಬರುವುದಕ್ಕೂ, ನೆರೆಮನೆಗೆ ಹೋಗಿ ಬರುವುದಕ್ಕೂ ಅಂತರವಿದೆ. ಬುರುಜಿನ ಮೇಲೆ ನಿಂತ ಮಗುವಿಗೆ ಇಕ್ಕೇರಿಯ ನಾಯಕನ ಕಥೆಯನ್ನು ಹೇಳಿ. ಅದರೊಡನೆ ಚಂದ್ರಗಿರಿಯನ್ನು ದಾಟಲಾಗದಿದ್ದ ಹೆಣ್ಣುಮಕ್ಕಳ ಕಥೆಯನ್ನೂ ಹೇಳಿ. ದಾರಿಯಲ್ಲಿ ಮಂಜೇಶ್ವರದಲ್ಲಿಳಿದು ಗೋವಿಂದ ಪೈಗಳ ಮನೆಯಾದ ಗಿಳಿವಿಂಡನ್ನು ತೋರಿಸಿ. ಅಲ್ಲಿನ ಅಂಗಡಿಯವರೊಡನೆ, ಬಸ್ಸಿನ ಸಹಪ್ರಯಾಣಿಕರೊಡನೆ ನಾಲ್ಕು ಮಾತಾಡಿ. ಕನ್ನಡ, ತುಳು, ಮಲಯಾಳ, ಯಾವುದಾದರೂ ಆಗಬಹುದು. ಆ ಸೀಮೆಯಲ್ಲಿ ಕನ್ನಡ ಉಳಿಯಬೇಕಾದರೆ ನಿರ್ಣಯಗಳ ಜೊತೆಗೆ ಇಂಥ ಹೋಗುಬರುವಿಕೆಯೂ ಬೇಕು. ನುಡಿಯು ಬಾಳುವುದು ಕೇಳುವ ಕಿವಿ ಇರುವಲ್ಲಿ. ಆ ಕಿವಿಯನ್ನು ನಾವೇ ಅಲ್ಲಿಗೆ ಒಯ್ಯಬೇಕು. ಅರಸರ ಮೇರೆಗಳು ಈ ಕರಾವಳಿಯಲ್ಲಿ ಎಷ್ಟೋ ಸಲ ಸರಿದಿವೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವವರ ದಾರಿ ಮಾತ್ರ ಅಲ್ಲಿಯೇ ಇದೆ, ನಡೆಯುವವರು ಇರುವವರೆಗೆ.