ಆಸ್ಕರ್ ಆದ್ಮೇಲೆ ಆನ್ನಾ ಮನ್ಯಾನಿಗೆ ಏನಾಯ್ತು?

1/8
ಈ ಫೋಟೋದಲ್ಲಿರೋ ಹೆಂಗಸನ್ನ ಮೊದಲು ಸರಿಯಾಗಿ ನೋಡಿ. ಕೆದರಿದ ಕಪ್ಪು ಕೂದಲು, ಕಣ್ಣಿನ ಕೆಳಗೆ ಕಪ್ಪು, ಹಣೆ ಮೇಲೆ ಗೆರೆ. ನಾವು ಅಪ್‌ಲೋಡ್ ಮಾಡೋ ಮುಂಚೆ ಫಿಲ್ಟರ್ ಹಾಕಿ ಅಳಿಸೋದೆಲ್ಲ ಇಲ್ಲಿ ಹಾಗೇ ಇದೆ. ಹೆಸರು ಆನ್ನಾ ಮನ್ಯಾನಿ. (ಬರೆಯುವಾಗ ನಡುವೆ ಒಂದು ‘ಜಿ’ ಬರುತ್ತೆ, ಓದುವಾಗ ಬರಲ್ಲ. ನಾನೂ ತುಂಬ ದಿನ ‘ಮ್ಯಾಗ್ನಾನಿ’ ಅಂತಲೇ ಓದ್ತಿದ್ದೆ.)

ನನ್ನ ಮುಖದ ಸುಕ್ಕುಗಳನ್ನ ಅಳಿಸಬೇಡಿ, ಅವನ್ನ ಸಂಪಾದಿಸೋಕೆ ಇಷ್ಟು ವರ್ಷ ಬೇಕಾಯ್ತು ಅಂತ ಆಕೆ ಹೇಳಿದ್ದಾಗಿ ಒಂದು ಮಾತು ಪ್ರಸಿದ್ಧ. ನಿಮ್ಮ ಫೀಡ್‌ನಲ್ಲೂ ಒಂದಲ್ಲ ಒಂದು ದಿನ ಬಂದಿರುತ್ತೆ. ಓದೋಕೆ ಚೆನ್ನಾಗಿದೆ. ಆದ್ರೆ ಆ ಸುಕ್ಕು ಇಟ್ಟುಕೊಂಡು ಸಿನಿಮಾದಲ್ಲಿ ಉಳಿಯೋಕೆ ಆಕೆ ಪಟ್ಟ ಪಾಡು ಆ ಪೋಸ್ಟ್‌ಗಳಲ್ಲಿ ಬರಲ್ಲ. ಆಸ್ಕರ್ ಗೆದ್ದ ಮೊದಲ ಇಟಾಲಿಯನ್ ನಟಿ ಈಕೆ. ಗೆದ್ದಾಗ ವಯಸ್ಸು 48. ಆಮೇಲಿನ ಹದಿನೇಳು ವರ್ಷದ ಕಥೆ ಈ ಸೀರೀಸ್.

2/8
ಹಿಂದಿನದನ್ನ ಬೇಗ ಹೇಳಿ ಮುಗಿಸ್ತೀನಿ. ಹುಟ್ಟಿದ್ದು 1908ರಲ್ಲಿ, ರೋಮ್‌ನಲ್ಲಿ. ಅಪ್ಪನಿಲ್ಲದೆ, ಅಜ್ಜಿ ಮನೇಲಿ ಬೆಳೆದವಳು. ನಾಟಕ, ಹಾಡು-ಹಾಸ್ಯದ ಸ್ಟೇಜ್ ಷೋಗಳು, ಅಲ್ಲೊಂದು ಇಲ್ಲೊಂದು ಸಿನಿಮಾ. ಹೀಗೇ ವಯಸ್ಸು ಮೂವತ್ತೈದು ದಾಟಿತು. 1945ರಲ್ಲಿ ರೊಬೆರ್ತೊ ರೊಸೆಲ್ಲಿನಿಯ ‘ರೋಮ್, ಓಪನ್ ಸಿಟಿ’ ಬಂತು. ಯುದ್ಧ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಆಗಲೇ ಶೂಟಿಂಗ್ ಶುರು ಮಾಡಿದ್ದ ಸಿನಿಮಾ ಅದು. ತಾನು ಮದುವೆ ಆಗಬೇಕಿದ್ದವನನ್ನ ಜರ್ಮನ್ನರು ಲಾರಿಗೆ ತುಂಬಿಕೊಂಡು ಹೋಗುವಾಗ ಪೀನಾ ಅನ್ನೋ ಹೆಂಗಸು ಕೂಗ್ತಾ ಹಿಂದೆ ಓಡ್ತಾಳೆ. ಗುಂಡು ಬೀಳುತ್ತೆ. ಬೀದಿ ಮಧ್ಯೆ ಬೀಳ್ತಾಳೆ. ಅಷ್ಟೇ. ಈ ಒಂದು ಓಟದಿಂದ ಆಕೆ ಜಗತ್ತಿಗೆಲ್ಲ ಗೊತ್ತಾದಳು.

ಆಮೇಲೆ ರೊಸೆಲ್ಲಿನಿ ಜೊತೆ ಪ್ರೀತಿ. ಆತ ಇಂಗ್ರಿಡ್ ಬರ್ಗ್‌ಮನ್ ಕಡೆ ಹೊರಟು ಹೋಗಿದ್ದು, ಅವರಿಬ್ಬರೂ ಸ್ಟ್ರೊಂಬೊಲಿ ದ್ವೀಪದಲ್ಲಿ ಶೂಟಿಂಗ್ ಮಾಡ್ತಿದ್ರೆ ಈಕೆ ಪಕ್ಕದ ವುಲ್ಕಾನೊ ದ್ವೀಪದಲ್ಲಿ ಇನ್ನೊಂದು ಸಿನಿಮಾ ಮಾಡಿದ್ದು, ಪತ್ರಿಕೆಗಳು ಅದಕ್ಕೆ ‘ಜ್ವಾಲಾಮುಖಿಗಳ ಯುದ್ಧ’ ಅಂತ ಹೆಸರಿಟ್ಟಿದ್ದು... ಈ ಗಾಸಿಪ್ ಎಲ್ಲ ಕಡೆ ಸಿಗುತ್ತೆ. ಮನ್ಯಾನಿ ಅಂದ್ರೆ ‘ಕೈಬಿಟ್ಟ ಪ್ರೇಯಸಿ’ ಅಂತ ಇದನ್ನೇ ಎಳೆದಾಡ್ತಾರೆ. ನನಗೆ ಬೇಕಾಗಿರೋದು ಬೇರೆ.

3/8
ಬೇಕಾಗಿರೋದು ಶುರುವಾಗೋದು ಇಲ್ಲಿಂದ: 1951, ಲುಕೀನೊ ವಿಸ್ಕೊಂತಿಯ ‘ಬೆಲ್ಲಿಸ್ಸಿಮಾ’. ಅಂದ್ರೆ ‘ತುಂಬ ಚೆಲುವೆ’. ಮನೆ ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು ನಾಲ್ಕು ಕಾಸು ಮಾಡೋ ಒಬ್ಬ ತಾಯಿ. ಸ್ಟುಡಿಯೋದವರಿಗೆ ಒಂದು ಪುಟ್ಟ ಹುಡುಗಿ ಬೇಕು ಅಂತ ಗೊತ್ತಾದ ತಕ್ಷಣ ತನ್ನ ಮಗಳನ್ನ ಎಳ್ಕೊಂಡು ಓಡ್ತಾಳೆ. ಕೂಡಿಟ್ಟ ದುಡ್ಡೆಲ್ಲ ಫೋಟೋ, ಡ್ರೆಸ್, ಡಾನ್ಸ್ ಕ್ಲಾಸ್, ಶಿಫಾರಸು ಅಂತ ಕರಗಿ ಹೋಗುತ್ತೆ. ಕೊನೆಗೆ ಕದ್ದು ಮುಚ್ಚಿ ಪ್ರೊಜೆಕ್ಷನ್ ರೂಮಿಗೆ ಹೋಗಿ ನೋಡಿದ್ರೆ, ಸ್ಕ್ರೀನ್ ಮೇಲೆ ಮಗಳು ಅಳ್ತಿದ್ದಾಳೆ, ಕೆಳಗೆ ಕೂತ ಸಿನಿಮಾ ಮಂದಿ ಬಿದ್ದು ಬಿದ್ದು ನಗ್ತಿದ್ದಾರೆ. ಆಮೇಲೆ ಅದೇ ಸ್ಟುಡಿಯೋದವರು ಕಾಂಟ್ರಾಕ್ಟ್ ಹಿಡ್ಕೊಂಡು ಮನೆಗೆ ಬರ್ತಾರೆ. ಆ ತಾಯಿ ಸಹಿ ಹಾಕಲ್ಲ.

ಇದನ್ನ ನಾನು ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಮೇಲೆ ನೋಡಿದ್ದು. ರೂಮ್‌ಮೇಟ್ ಅರ್ಧದಲ್ಲಿ ಬಂದು ಕೂತವಳು, ಕೊನೆವರೆಗೂ ಏಳಲಿಲ್ಲ. ಆ ನಗು ಕೇಳಿದಾಗ ಮನ್ಯಾನಿಯ ಮುಖ ನೋಡಿ. ಡೈಲಾಗ್ ಇಲ್ಲ. ಅವಮಾನ ಒಳಗಿಳಿಯೋದು ಮಾತ್ರ ಕಾಣುತ್ತೆ. ಸಿನಿಮಾ ಅನ್ನೋದು ಮನುಷ್ಯರನ್ನ ಹೇಗೆ ಬಳಸಿಕೊಳ್ಳುತ್ತೆ ಅಂತ ಇದಕ್ಕಿಂತ ಚೆನ್ನಾಗಿ ಹೇಳಿದ ಸಿನಿಮಾ ನನಗಂತೂ ಸಿಕ್ಕಿಲ್ಲ.

4/8
ಟೆನೆಸ್ಸಿ ವಿಲಿಯಮ್ಸ್ ಗೊತ್ತಲ್ಲ, ಅಮೆರಿಕದ ನಾಟಕಕಾರ. ಆತ ‘ದಿ ರೋಸ್ ಟ್ಯಾಟೂ’ ಬರೆದಿದ್ದೇ ಮನ್ಯಾನಿಯನ್ನ ಮನಸ್ಸಲ್ಲಿಟ್ಟುಕೊಂಡು. 1951ರಲ್ಲಿ ಬ್ರಾಡ್‌ವೇ ಸ್ಟೇಜಿಗೆ ಕರೆದಾಗ ಈಕೆ ಒಪ್ಪಲಿಲ್ಲ, ತನ್ನ ಇಂಗ್ಲಿಷ್ ದಿನಾ ನಾಟಕ ಆಡೋವಷ್ಟು ಗಟ್ಟಿ ಇಲ್ಲ ಅಂತ. ಸಿನಿಮಾ ಆದಾಗ ಒಪ್ಪಿದಳು. ಗಂಡ ಸತ್ತ ಮೇಲೆ ಮನೆಯೊಳಗೇ ಮುಚ್ಚಿಕೊಂಡು ಕೂತ, ಸಿಸಿಲಿಯಿಂದ ಅಮೆರಿಕಕ್ಕೆ ಬಂದ ಟೈಲರ್ ಸೆರಫೀನಾಳ ಪಾತ್ರ. 1956ರ ಮಾರ್ಚ್‌ನಲ್ಲಿ ಆಸ್ಕರ್ ಬಂತು. ಆಕೆ ಸಮಾರಂಭಕ್ಕೂ ಹೋಗಿರಲಿಲ್ಲ, ರೋಮ್‌ನಲ್ಲೇ ಇದ್ದಳು. ಅದೇ ಸಿನಿಮಾದಲ್ಲಿ ಮಗಳ ಪಾತ್ರ ಮಾಡಿದ್ದ ಮರೀಸಾ ಪವಾನ್ ಆಕೆಯ ಪರವಾಗಿ ತಗೊಂಡಳು.

ಇಲ್ಲಿಂದ ಏಣಿ ಮೇಲಕ್ಕೇ ಹೋಗಬೇಕಿತ್ತು ಅಲ್ವಾ? 1957ರಲ್ಲಿ ‘ವೈಲ್ಡ್ ಈಸ್ ದಿ ವಿಂಡ್’, ಇನ್ನೊಂದು ಆಸ್ಕರ್ ನಾಮಿನೇಷನ್, ಬರ್ಲಿನ್‌ನಲ್ಲಿ ಪ್ರಶಸ್ತಿ. 1960ರಲ್ಲಿ ಮರ್ಲನ್ ಬ್ರಾಂಡೊ ಜೊತೆ ‘ದಿ ಫ್ಯುಜಿಟಿವ್ ಕೈಂಡ್’. ಅದೂ ವಿಲಿಯಮ್ಸ್‌ನದೇ, ನಿರ್ದೇಶನ ಸಿಡ್ನಿ ಲುಮೆಟ್. ಸಿನಿಮಾ ಓಡಲಿಲ್ಲ. ಹಾಲಿವುಡ್‌ಗೆ ಆಕೆ ಅಂದ್ರೆ ಮೂರೂ ಸಲ ಒಂದೇ: ಬಿಸಿರಕ್ತದ ಇಟಾಲಿಯನ್ ಹೆಂಗಸು. ಬೇರೆ ಏನೂ ಹೊಳೀಲೇ ಇಲ್ಲ ಅವರಿಗೆ. ಇತ್ತ ಇಟಲಿಯಲ್ಲೂ ಗಾಳಿ ಬದಲಾಗಿತ್ತು. ಬೀದಿಯ ಹಸಿವು, ಯುದ್ಧದ ಬೂದಿ ತೋರಿಸೋ ಕಾಲ ಮುಗಿದು ಜೀನಾ ಲೊಲ್ಲೊಬ್ರಿಜಿದಾ, ಸೋಫಿಯಾ ಲೊರೆನ್ ಪೋಸ್ಟರ್‌ಗಳ ಕಾಲ ಬಂದಿತ್ತು.

5/8
ಇಲ್ಲಿ ಒಂದು ಪಾತ್ರದ ಕಥೆ ಹೇಳಲೇಬೇಕು. ಮೊರಾವಿಯಾನ ಕಾದಂಬರಿ ‘ಲಾ ಚೋಚಾರಾ’. ಯುದ್ಧದ ಬಾಂಬ್‌ಗೆ ಹೆದರಿ ಮಗಳ ಜೊತೆ ರೋಮ್ ಬಿಟ್ಟು ಹಳ್ಳಿಗೆ ಹೋಗೋ ತಾಯಿ. ಮೊದಲ ಯೋಚನೆ ಏನಿತ್ತು ಅಂದ್ರೆ ತಾಯಿಯಾಗಿ ಮನ್ಯಾನಿ, ಮಗಳಾಗಿ ಸೋಫಿಯಾ ಲೊರೆನ್. ಮನ್ಯಾನಿ ಆಗಲ್ಲ ಅಂದಳು. ಲೊರೆನ್‌ಳ ತಾಯಿಯಾಗಿ ನಾನು ನಿಲ್ಲಲ್ಲ, ಬೇಕಾದ್ರೆ ಆ ತಾಯಿ ಪಾತ್ರವನ್ನ ಅವಳೇ ಮಾಡಲಿ. ನಿರ್ದೇಶಕ ದೆ ಸೀಕಾ ಹಾಗೇ ಮಾಡಿದ. ಮಗಳ ವಯಸ್ಸು ಇಳಿಸಿ ಚಿಕ್ಕ ಹುಡುಗಿಯನ್ನ ಹಾಕಿಕೊಂಡ, ಇಪ್ಪತ್ತೈದರ ಲೊರೆನ್ ತಾಯಿಯಾದಳು. 1962ರಲ್ಲಿ ಆಸ್ಕರ್ ಅವಳ ಕೈಗೆ ಬಂತು.

ಈ ಕಥೆ ಹೇಳುವವರೆಲ್ಲ ‘ಅಹಂಕಾರಕ್ಕೆ ಪಾತ್ರ ಕಳ್ಕೊಂಡಳು’ ಅಂತ ಮುಗಿಸ್ತಾರೆ. ಸ್ವಲ್ಪ ಅಹಂಕಾರ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಒಂದು ಲೆಕ್ಕ ಹಾಕಿ. ಇಬ್ಬರ ಮಧ್ಯೆ 26 ವರ್ಷ ಅಂತರ. ಆ ಪೋಸ್ಟರ್ ಮೇಲೆ ಒಂದ್ಸಲ ‘ಲೊರೆನ್ ತಾಯಿ’ ಅಂತ ಬಂದ್ರೆ, ಮುಂದೆ ಬರೋ ಪಾತ್ರಗಳೆಲ್ಲ ಯಾರದೋ ತಾಯಿಯದೇ. ಬಾಗಿಲ ಹತ್ತಿರ ನಿಂತು ಅಳೋದು, ಎರಡನೇ ಸೀನಲ್ಲಿ ಊಟ ಬಡಿಸೋದು. ನಮ್ಮಲ್ಲೂ ನಿನ್ನೆ ಮೊನ್ನೆ ಹೀರೋಯಿನ್ ಆಗಿದ್ದವರು ಇವತ್ತು ಅದೇ ಹೀರೋಗೆ ಅತ್ತಿಗೆ, ಅಮ್ಮ ಆಗೋದು ನೋಡ್ತಾನೇ ಇದೀವಲ್ಲ. ಪಾತ್ರ ಬಿಟ್ಟಿದ್ದು ಆಕೆಗೆ ದುಬಾರಿಯಾಯ್ತು, ನಿಜ. ಆದ್ರೆ ಹೆದರಿದ್ದು ಸುಳ್ಳು ಭಯಕ್ಕಲ್ಲ ಅಂತ ನನ್ನ ಅನಿಸಿಕೆ.

6/8
ತಾಯಿ ಪಾತ್ರವೇ ಬೇಡ ಅಂದವಳೂ ಅಲ್ಲ. 1962ರಲ್ಲೇ ಪಸೊಲೀನಿಯ ‘ಮಮ್ಮಾ ರೋಮಾ’ದಲ್ಲಿ ತಾಯಿಯೇ. ಆದ್ರೆ ಇಲ್ಲಿ ಇಡೀ ಸಿನಿಮಾನೇ ಆ ತಾಯಿಯದು. ಮೈ ಮಾರಿಕೊಂಡು ಬದುಕಿದವಳು, ಅದನ್ನ ಬಿಟ್ಟು, ಹಳ್ಳಿಯಲ್ಲಿ ಬೆಳೆದ ಹದಿಹರೆಯದ ಮಗನನ್ನ ರೋಮ್‌ಗೆ ಕರ್ಕೊಂಡು ಬರ್ತಾಳೆ. ಹೊಸ ಅಪಾರ್ಟ್‌ಮೆಂಟು, ಮಾರ್ಕೆಟ್‌ನಲ್ಲಿ ಹಣ್ಣು-ತರಕಾರಿ ಅಂಗಡಿ, ಮಗನಿಗೆ ಬೈಕು, ‘ಮರ್ಯಾದಸ್ಥರ’ ಬದುಕು. ಹಳೇ ಬದುಕು ಬೆನ್ನು ಬಿಡಲ್ಲ. ಮಗ ಕಳ್ಳತನದಲ್ಲಿ ಸಿಕ್ಕಿಬಿದ್ದು ಜೈಲಲ್ಲಿ, ಮಂಚಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲೇ ಸಾಯ್ತಾನೆ.

ಸುದ್ದಿ ಬಂದಾಗ ಮಾರ್ಕೆಟ್‌ನಿಂದ ಮನೆವರೆಗೂ ಓಡ್ತಾಳೆ ನೋಡಿ, ಅಲ್ಲಿ ನಿಲ್ಲಿಸಿ 1945ರ ಆ ಲಾರಿ ಹಿಂದಿನ ಓಟ ಮತ್ತೆ ಹಾಕಿ. ಹದಿನೇಳು ವರ್ಷ ಅಂತರ. ಪೀನಾ ಬಿದ್ದಾಗ ಗುಂಡು ಹೊಡೆದವರು ಯಾರು ಅಂತ ಕಾಣುತ್ತೆ. ಇಲ್ಲಿ ಯಾರನ್ನ ಬೈಯೋದು? ಕಿಟಕಿಯಿಂದ ಹಾರೋಕೆ ಹೋದವಳನ್ನ ಜನ ಹಿಡ್ಕೊಳ್ತಾರೆ. ಹೊರಗೆ ಹೊಸ ಬಿಲ್ಡಿಂಗ್‌ಗಳು, ದೂರದಲ್ಲಿ ಚರ್ಚಿನ ಗುಮ್ಮಟ. ಆಕೆ ನೋಡ್ತಾ ನಿಲ್ತಾಳೆ.

ಪಸೊಲೀನಿ ವೃತ್ತಿ ನಟರಲ್ಲದವರನ್ನ ಇಟ್ಟುಕೊಂಡು ಕೆಲಸ ಮಾಡೋನು. ಮಗನ ಪಾತ್ರದ ಹುಡುಗ ಕೂಡ ಆತನಿಗೆ ಸಿಕ್ಕಾಗ ಹೋಟೆಲಲ್ಲಿ ವೇಟರ್. ಅಂಥವನ ಕ್ಯಾಮೆರಾ ಮುಂದೆ ಮನ್ಯಾನಿಯಂಥ ಪಳಗಿದ ನಟಿ ನಿಂತಾಗ ಇಬ್ಬರ ರೀತಿಗಳೂ ತಾಕಲಾಡಿದವು. ಆ ಜಗ್ಗಾಟ ಸಿನಿಮಾದಲ್ಲೂ ಕಾಣುತ್ತೆ, ನನಗೆ ಅದೇ ಇಷ್ಟ.

7/8
ಇದಾದ ಮೇಲೆ ಸಿನಿಮಾಗಳು ಬೆರಳೆಣಿಕೆ. 1965ರ ‘ಮೇಡ್ ಇನ್ ಇಟಲಿ’ಯಲ್ಲಿ ಒಂದು ಸಣ್ಣ ತುಣುಕು: ಐಸ್‌ಕ್ರೀಮ್ ತಿನ್ನೋಕೆ ಹೊರಟ ಒಂದು ಸಂಸಾರ, ಟ್ರಾಫಿಕ್ಕಿನಲ್ಲಿ ರಸ್ತೆ ದಾಟಬೇಕು, ಅಷ್ಟೇ ಕಥೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದವರಿಗೆ ತಕ್ಷಣ ಅರ್ಥ ಆಗುತ್ತೆ. 1969ರಲ್ಲಿ ಆಂತನಿ ಕ್ವಿನ್ ಜೊತೆ ‘ದಿ ಸೀಕ್ರೆಟ್ ಆಫ್ ಸಾಂತಾ ವಿತ್ತೋರಿಯಾ’, ಜರ್ಮನ್ನರಿಂದ ಊರಿನ ವೈನ್ ಬಾಟಲಿಗಳನ್ನ ಬಚ್ಚಿಡೋ ಕಥೆ. ಅದರಲ್ಲಿ ಗಂಡನಿಗೆ ಅವಳು ಬೈಯೋದು ಕೇಳೋದೇ ಒಂದು ಸುಖ.

ಸಿನಿಮಾ ಕೊಡದೇ ಇದ್ದಾಗ ಸ್ಟೇಜಿಗೆ ವಾಪಸ್ ಹೋದಳು. 1965ರಲ್ಲಿ ಜೆಫಿರೆಲ್ಲಿ ನಿರ್ದೇಶನದ ‘ಲಾ ಲೂಪಾ’, ಅಂದ್ರೆ ಹೆಣ್ಣು ತೋಳ. ಹುಡುಗನೊಬ್ಬನ ಮೇಲೆ ಆಸೆ ಇಟ್ಟುಕೊಂಡ ನಡುವಯಸ್ಸಿನ ಹೆಂಗಸು. ಐವತ್ತೇಳರ ನಟಿ ಆ ಆಸೆಯನ್ನ ನಾಚಿಕೆ ಇಲ್ಲದೆ ಸ್ಟೇಜ್ ಮೇಲೆ ತಂದಳು. ಮರು ವರ್ಷ ‘ಮೆಡೇಯಾ’.

ಆಮೇಲೆ ಯಾರೂ ಎಣಿಸದ ಕಡೆಯಿಂದ ಕೆಲಸ ಬಂತು. ಟಿವಿಯಿಂದ! 1971ರಲ್ಲಿ ಅಲ್ಫ್ರೆದೊ ಜನ್ನೆತ್ತಿ ಅನ್ನೋ ನಿರ್ದೇಶಕ ಆಕೆಗೋಸ್ಕರವೇ ‘ಮೂವರು ಹೆಂಗಸರು’ ಅಂತ ಮೂರು ಸಿನಿಮಾ ಮಾಡಿದ, ಇಟಲಿಯ ಸರ್ಕಾರಿ ಟಿವಿ ರಾಯ್‌ಗೆ. ಸಂಗೀತ ಎನ್ನಿಯೊ ಮೊರಿಕೋನೆ. ಮೊದಲನೆಯದು ‘ಲಾ ಶಾಂತೋಸಾ’. ಮೊದಲ ಮಹಾಯುದ್ಧದ ಕಾಲ. ಮಾರ್ಕೆಟ್ ಕಳ್ಕೊಂಡ ಹಳೇ ಗಾಯಕಿಯೊಬ್ಬಳು ಸೈನಿಕರಿಗೆ ಹಾಡೋಕೆ ಅಂತ ಬೀಗಿಕೊಂಡು ಹೋಗ್ತಾಳೆ. ದೇಶಭಕ್ತಿಯ ವೇಷ ಹಾಕ್ಕೊಂಡು ಸ್ಟೇಜಿಗೆ ಬಂದ್ರೆ ಎದುರಿಗೆ ಕೂತಿರೋದು ಕೈಕಾಲು ಕಳ್ಕೊಂಡ ಹುಡುಗರು. ಜೋರು ದನಿಯ ಹಾಡು ಗಂಟಲಲ್ಲೇ ನಿಲ್ಲುತ್ತೆ. ನೇಪಲ್ಸ್ ಭಾಷೆಯ, ಸೈನಿಕನೊಬ್ಬನ ಪ್ರೇಮಗೀತೆಯನ್ನ ಮೆಲ್ಲಗೆ ಶುರು ಮಾಡ್ತಾಳೆ. ಆ ಕ್ಲಿಪ್ ಯೂಟ್ಯೂಬ್‌ನಲ್ಲಿದೆ. ಹೆಡ್‌ಫೋನ್ ಹಾಕಿ ನೋಡಿ. ಇಂಥ ನಟಿಗೆ ಸಿನಿಮಾದವರ ಹತ್ತಿರ ಪಾತ್ರ ಇರಲಿಲ್ಲ ಅಂದ್ರೆ ನಂಬೋಕಾಗಲ್ಲ.

8/8
ಕೊನೇ ಸಲ ಆಕೆ ದೊಡ್ಡ ಪರದೆ ಮೇಲೆ ಬಂದಿದ್ದು 1972ರಲ್ಲಿ, ಫೆಲಿನಿಯ ‘ರೋಮಾ’ದಲ್ಲಿ. ಒಂದು ನಿಮಿಷವೂ ಇಲ್ಲ ಅನ್ನಬಹುದು. ರಾತ್ರಿ. ಬೀದಿಯಲ್ಲಿ ಒಬ್ಬಳೇ ಮನೆ ಕಡೆ ನಡೀತಿದ್ದಾಳೆ. ಕ್ಯಾಮೆರಾ ಹಿಂದಿನಿಂದ ಫೆಲಿನಿಯ ದನಿ: ಈಕೆಯೇ ಈ ಊರಿನ ಪ್ರತೀಕ ಆಗಬಹುದು, ತೋಳವೂ ಹೌದು, ದೇವರ ಕನ್ಯೆಯೂ ಹೌದು, ರಾಣಿಯೂ ಹೌದು, ಹರಕಲು ಬಟ್ಟೆಯವಳೂ ಹೌದು ಅಂತೆಲ್ಲ ವರ್ಣನೆ. ಮನ್ಯಾನಿ ತಿರುಗಿ ನೋಡಿ ನಗ್ತಾಳೆ. ನಾನು ಏನಂತೆ? ಹೋಗಿ ಮಲಕ್ಕೋ. ಒಂದು ಪ್ರಶ್ನೆ ಕೇಳಲಾ ಅಂದ್ರೆ, ಬೇಡ, ನಿನ್ನ ನಂಬಲ್ಲ ಅಂತಾಳೆ. ಗುಡ್ ನೈಟ್ ಹೇಳಿ ಬಾಗಿಲು ಹಾಕ್ತಾಳೆ. ಇಡೀ ರೋಮ್ ನಗರವನ್ನ ಒಂದು ಹೆಂಗಸಿನ ತಲೆ ಮೇಲೆ ಹೊರಿಸೋಕೆ ಹೋದ ದೊಡ್ಡ ನಿರ್ದೇಶಕನಿಗೆ ಇಷ್ಟೇ ಉತ್ತರ. ಎಷ್ಟು ಸಲ ನೋಡಿದ್ರೂ ನನಗೆ ನಗು ಬರುತ್ತೆ, ಆಮೇಲೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

1973ರ ಸೆಪ್ಟೆಂಬರ್ 26ರಂದು ರೋಮ್‌ನಲ್ಲಿ ತೀರಿಕೊಂಡಳು, ಪ್ಯಾಂಕ್ರಿಯಾಸ್ ಕ್ಯಾನ್ಸರ್. ವಯಸ್ಸು 65. ಕೊನೇ ದಿನಗಳಲ್ಲಿ ಹಾಸಿಗೆ ಪಕ್ಕ ಕೂತಿದ್ದವರಲ್ಲಿ ಆಕೆಯ ಮಗನ ಜೊತೆ ರೊಸೆಲ್ಲಿನಿಯೂ ಇದ್ದ. ಅಷ್ಟೆಲ್ಲ ಜಗಳ, ಜ್ವಾಲಾಮುಖಿ ಆದ ಮೇಲೂ. ಅಂತ್ಯಸಂಸ್ಕಾರದ ದಿನ ಚರ್ಚಿನ ಮುಂದೆ ರೋಮ್‌ನ ಜನ ಕಿಕ್ಕಿರಿದು ಸೇರಿದ್ದರು. ಶವಪೆಟ್ಟಿಗೆ ಹೊರಗೆ ಬಂದಾಗ ಚಪ್ಪಾಳೆ ತಟ್ಟಿದರು. ಮೊದಲು ಆಕೆಯನ್ನ ಇಟ್ಟಿದ್ದು ರೊಸೆಲ್ಲಿನಿ ಕುಟುಂಬದ ಸಮಾಧಿಯಲ್ಲಿ. ಈಗ ಇರೋದು ರೋಮ್‌ನಿಂದ ದಕ್ಷಿಣಕ್ಕೆ, ಸಮುದ್ರದ ಪಕ್ಕದ ಸಾನ್ ಫೆಲೀಚೆ ಚಿರ್ಚೆಯೊ ಅನ್ನೋ ಊರಲ್ಲಿ. ಆಕೆಗೆ ಅಲ್ಲಿ ಒಂದು ಮನೆ ಇತ್ತು.

ಒಂದೇ ಸಿನಿಮಾ ನೋಡೋಕೆ ಟೈಮ್ ಇದ್ರೆ ‘ಬೆಲ್ಲಿಸ್ಸಿಮಾ’. ಎರಡು ಆಗುತ್ತೆ ಅಂದ್ರೆ ‘ಮಮ್ಮಾ ರೋಮಾ’, ಆದ್ರೆ ಪರೀಕ್ಷೆ ಹಿಂದಿನ ದಿನ ಬೇಡ. ಮುಂದಿನ ಸೀರೀಸ್‌ನಲ್ಲಿ ಜುಲಿಯೆತ್ತಾ ಮಸೀನಾ. ಇವರಿಬ್ಬರೂ ಜೈಲಿನ ಕಥೆಯೊಂದರಲ್ಲಿ ಒಟ್ಟಿಗೆ ನಟಿಸಿದ್ದಾರೆ, ಅಲ್ಲಿಂದಲೇ ಶುರು ಮಾಡ್ತೀನಿ.